ಅರ್ಲಿ ಡಿಸಿಷನ್‌ಗೆ ಸೈನ್ ಹಾಕೋ ಮೊದ್ಲು ಒಂದು ಚೇಣಿ ಲೆಕ್ಕ

ನಮ್ಮಕ್ಕನ ಮಗಳು ಶಿವಮೊಗ್ಗದಲ್ಲಿ ಸೆಕೆಂಡ್ ಪಿಯು ಓದ್ತಿದ್ದಾಗ ಅಮೆರಿಕದಲ್ಲೇ ಇಂಜಿನಿಯರಿಂಗ್ ಅಂತ ಹಟ ಹಿಡಿದ್ಲು. ಅಕ್ಟೋಬರ್ ಕೊನೆ, ತೀರ್ಥಹಳ್ಳಿ ಕಡೆ ಮನೇಲಿ ಮೊದ್ಲ ಕೊಯ್ಲು ನಡೀತಿತ್ತು, ಇವ್ಳು ಅಡಿಕೆ ಸುಲಿಯೋ ಚಪ್ಪರಕ್ಕೇ ಲ್ಯಾಪ್‌ಟಾಪ್ ತಂದು "ಅಪ್ಪಾ ಇಲ್ಲೊಂದು ಸೈನ್ ಬೇಕು" ಅಂದ್ಲು. ಭಾವ "ಕೈಯೆಲ್ಲಾ ಚೊಗರು ಮಾರಾಯ್ತಿ, ಎಂತ ಬರ್ದಿದೆ ಓದು ಮೊದ್ಲು" ಅಂದ್ರು. ಅದು ಅರ್ಲಿ ಡಿಸಿಷನ್ ಅನ್ನೋ ಅರ್ಜಿಯ ಒಪ್ಪಂದ, ಸೀಟು ಕೊಟ್ರೆ ಸೇರೇ ಸೇರ್ತೀನಿ, ಬೇರೆ ಕಡೆ ಹಾಕಿದ್ದೆಲ್ಲಾ ವಾಪಸ್ ತಗೋತೀನಿ ಅಂತ ಇತ್ತು. "ಓ, ಚೇಣಿ ಕೊಟ್ಟ ಹಂಗೆ" ಅಂದ್ರು ಭಾವ.

ಸರಿಯಾಗೇ ಹೇಳಿದ್ರು. ಫಸಲು ಮರದಲ್ಲಿರುವಾಗ್ಲೇ ಅದನ್ನ ಕೊಳ್ಳೋ ಚೇಣಿದಾರನ ಹತ್ರ ಮಾತು ಮುಗಿಸಿದ್ರೆ ಆಮೇಲೆ ರಾಶಿ ಅಡಿಕೆ ರೇಟು ಎಷ್ಟು ಏರಿದ್ರೂ ನಿಮಗಿಲ್ಲ. ಹಂಗಂತ ಚೇಣಿ ಕೊಡೋದೇ ತಪ್ಪು ಅಂತಲ್ಲ, ರೇಟು ಹೋಲಿಸಿ ನೋಡೋ ಅಗತ್ಯ ಯಾರಿಗಿಲ್ವೋ ಅವ್ರಿಗದು ಸರಿ.

ಮೊದ್ಲು ಹೆಸರಿನ ಗೊಂದಲ ಬಿಡಿಸ್ಕೊಳ್ಳಿ. ಅರ್ಲಿ ಡಿಸಿಷನ್ ಅಂದ್ರೆ ಕಟ್ಟಿಹಾಕೋದು, ಹಂಗೆ ಒಂದೇ ಕಡೆ ಹಾಕ್ಬಹುದು. ಕಾರ್ನೆಲ್, ಕಾರ್ನೆಗಿ ಮೆಲನ್, ಡ್ಯೂಕ್, ರೈಸ್ ಎಲ್ಲ ಹೀಗೆ. ಅರ್ಲಿ ಆ್ಯಕ್ಷನ್ ಅಂದ್ರೆ ಬೇಗ ಹಾಕಿ ಬೇಗ ಉತ್ತರ ತಗೊಳ್ಳೋದು ಅಷ್ಟೇ, ಕಟ್ಟುಪಾಡಿಲ್ಲ. ಎಂಐಟಿ, ಪರ್ಡ್ಯೂ, ಜಾರ್ಜಿಯಾ ಟೆಕ್ ಈ ಲೆಕ್ಕ. ಸ್ಟ್ಯಾನ್‌ಫರ್ಡ್, ಕ್ಯಾಲ್‌ಟೆಕ್ ಮಧ್ಯದ್ದು, ಸೇರಲೇಬೇಕು ಅಂತಿಲ್ಲ ಆದ್ರೆ ಬೇರೆಲ್ಲಿ ಬೇಗ ಹಾಕ್ಬಹುದು ಅನ್ನೋದಕ್ಕೆ ಮಿತಿ ಇದೆ. ಅರ್ಲಿ ಡಿಸಿಷನ್ ಕೊನೇ ದಿನ ಸಾಮಾನ್ಯವಾಗಿ ನವೆಂಬರ್ 1, ಉತ್ತರ ಡಿಸೆಂಬರ್ ಮಧ್ಯ. ಹಲವು ಕಡೆ ಜನವರಿ ಸುಮಾರಿಗೆ ಎರಡನೇ ಸುತ್ತೂ ಉಂಟು, ಅದೂ ಕಟ್ಟಿಹಾಕೋದೇ.

ಈಗ ದುಡ್ಡು, ಇಲ್ಲೇ ಕೂತು ಲೆಕ್ಕ ಹಾಕ್ಬೇಕು. ಈ ತರದ ಪ್ರೈವೇಟ್ ಯೂನಿವರ್ಸಿಟಿಗಳಲ್ಲಿ ಫೀಸು, ಹಾಸ್ಟೆಲ್ಲು, ಊಟ ಸೇರಿ ವರ್ಷಕ್ಕೆ 80,000 ಡಾಲರ್ ದಾಟುತ್ತೆ, ನಾಲ್ಕು ವರ್ಷಕ್ಕೆ ಎರಡೂವರೆ ಕೋಟಿ ಮೇಲೆ. ಎಂಐಟಿ ನಮ್ಮಂಥ ಹೊರದೇಶದವ್ರನ್ನೂ ದುಡ್ಡು ನೋಡ್ದೇ ಆಯ್ಕೆ ಮಾಡಿ ಬೇಕಾದಷ್ಟು ಸಹಾಯ ಕೊಡುತ್ತೆ. ಕಾರ್ನೆಲ್ ಸಹಾಯ ಕೊಡುತ್ತೆ ಆದ್ರೆ ನೀವು ಸಹಾಯ ಕೇಳಿದ್ದೀರಾ ಅನ್ನೋದನ್ನ ಆಯ್ಕೆಯಲ್ಲೇ ನೋಡುತ್ತೆ. ಕಾರ್ನೆಗಿ ಮೆಲನ್ ಹೊರದೇಶದ ಡಿಗ್ರಿ ವಿದ್ಯಾರ್ಥಿಗಳಿಗೆ ಸಹಾಯ ಕೊಡೋದೇ ಇಲ್ಲ. ಕೊಟ್ಟ ಸಹಾಯ ಸಾಲದಿದ್ರೆ ಅರ್ಲಿ ಡಿಸಿಷನ್‌ನಿಂದ ಬಿಡಿಸ್ಕೊಳ್ಳಬಹುದು, ನಿಜ. ಆದ್ರೆ ಅಷ್ಟೊತ್ತಿಗೆ ಬೇರೆಯವ್ರು ಎಷ್ಟು ಕೊಡ್ತಿದ್ರು ಅನ್ನೋ ಉತ್ತರ ನಿಮ್ಮ ಕೈಲಿರಲ್ಲ, ಅದು ಬರೋದು ಮಾರ್ಚ್ ಕೊನೆಗೆ. ಎರಡು ಪತ್ರ ಎದುರು ಇಟ್ಕೊಂಡು ನೋಡ್ಬೇಕಾದ ಮನೆ ನಿಮ್ಮದಾದ್ರೆ ಸೈನ್ ಹಾಕ್ಬೇಡಿ ಅಂತಲೇ ನಾನು ಹೇಳೋದು. ತೋಟದ ಮೇಲೆ ಸಾಲ ಮಾಡೋ ಯೋಚನೆ ಇದ್ರಂತೂ, ಅಡಿಕೆಗೆ ಎಲೆಚುಕ್ಕಿ ರೋಗ ಬಂದ ವರ್ಷ ನೆನಪಿಸ್ಕೊಳ್ಳಿ.

ಅರ್ಲಿಯಲ್ಲಿ ಸೀಟು ಜಾಸ್ತಿ ಸಿಗುತ್ತೆ ಅಂತಾರಲ್ಲ, ಆ ಪರ್ಸೆಂಟೇಜಲ್ಲಿ ಆಟಗಾರರು, ಅಲ್ಲೇ ಓದಿದವ್ರ ಮಕ್ಕಳು ಎಲ್ಲಾ ಸೇರಿರ್ತಾರೆ, ನಿಮ್ಮ ಹುಡುಗಿಗೆ ಅಷ್ಟೇ ಅನುಕೂಲ ಅಂತ ತಿಳ್ಕೋಬೇಡಿ. ಇನ್ನೊಂದು, ಸೀಟು ಯಾವ ವಿಭಾಗಕ್ಕೆ ಅಂತ ನೋಡಿ: ಕಾರ್ನೆಗಿ ಮೆಲನ್‌ನಲ್ಲಿ ಇಂಜಿನಿಯರಿಂಗ್ ಬೇರೆ ಕಾಲೇಜು, ಕಂಪ್ಯೂಟರ್ ಸೈನ್ಸ್ ಬೇರೆ ಕಾಲೇಜು, ಒಳಗೆ ಹೋದ್ಮೇಲೆ ಬದಲಾಯಿಸ್ತೀನಿ ಅನ್ನೋದು ಸುಲಭ ಅಲ್ಲ.

ಆ ಒಪ್ಪಂದಕ್ಕೆ ಮಗು, ಅಪ್ಪ ಅಮ್ಮ, ಇಲ್ಲಿನ ಪಿಯು ಕಾಲೇಜಿನವ್ರು ಮೂರೂ ಸೈನ್ ಬೇಕು. ನಮ್ಮ ಕಡೆ ಕೌನ್ಸೆಲರ್ ಅಂತ ಎಲ್ಲಿರ್ತಾರೆ, ಪ್ರಿನ್ಸಿಪಾಲರೇ ಮಾಡ್ಬೇಕು, ನಮ್ಮವ್ಳ ಕಾಲೇಜಲ್ಲಿ ಬಂದ ಮೇಲ್ ಎರಡು ವಾರ ಯಾರೂ ತೆಗೆದೇ ನೋಡಿರ್ಲಿಲ್ಲ. ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡೂ ಕೇಳ್ತಾರೆ, ಹಳೇ ಹೈಸ್ಕೂಲಿಗೆ ಸೆಪ್ಟೆಂಬರಲ್ಲೇ ಹೋಗಿ ಬನ್ನಿ. ಜೆಇಇ, ಸಿಇಟಿ ತಯಾರಿ ನಿಲ್ಲಿಸ್ಬೇಡಿ, ಸೀಟು ಸಿಕ್ಕಿದ್ಮೇಲೂ ವೀಸಾ ಅನ್ನೋದೊಂದು ಬಾಕಿ ಇರುತ್ತೆ.

ಕೊನೆಗೆ ಭಾವ ಸೈನ್ ಹಾಕ್ಲಿಲ್ಲ. ಎಂಐಟಿಗೂ ಪರ್ಡ್ಯೂಗೂ ಅರ್ಲಿ ಆ್ಯಕ್ಷನ್ ಹಾಕಿದ್ವಿ, ಅದೂ ಕೊನೇ ರಾತ್ರಿ ಕರೆಂಟ್ ಹೋಗಿ, ಮನೆ ಹಿಂದಿನ ಗುಡ್ಡ ಹತ್ತಿ, ಭಾವ ಟಾರ್ಚ್ ಹಿಡಿದು, ಇವ್ಳು ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಸಬ್ಮಿಟ್ ಒತ್ತಿದಾಗ ಹತ್ತೂಮುಕ್ಕಾಲು. ನೀವು ಎರಡು ದಿನ ಮೊದ್ಲೇ ಶಿವಮೊಗ್ಗಕ್ಕೆ ಹೋಗಿ ಒತ್ತಿಬಿಡಿ.