ಹಂಚಿನ ಮೇಲೆ ರೊಟ್ಟಿ ಉಬ್ಬುವಷ್ಟು ಹೊತ್ತು

ನಮ್ಮ ಮನೆಯವರು ತೀರಿಕೊಂಡ ಮೇಲೆ ಎರಡು ವರ್ಷ ನಾನು ಗವಿಮಠದ ಜಾತ್ರೆಗೆ ಹೋಗಲಿಲ್ಲ. ಕೊಪ್ಪಳದಲ್ಲೇ ಇದ್ದು ತೇರಿನ ದಿನ ಬಾಗಿಲು ಹಾಕಿಕೊಂಡು ಕೂತಿದ್ದೆ. ಮೊಮ್ಮಗಳು ನಕ್ಕರೂ, ಹಿತ್ತಲಲ್ಲಿ ಮಲ್ಲಿಗೆ ಅರಳಿದರೂ "ಅವರಿದ್ದಿದ್ದರೆ" ಅನ್ನಿಸುತ್ತಿತ್ತು. ಆ ಸಂತೋಷ ಅಲ್ಲಿಗೇ ಮುಗಿಯುತ್ತಿತ್ತು.

ಮೂರನೆಯ ವರ್ಷ ಓಣಿಯ ಹೆಣ್ಮಕ್ಕಳು ಜಾತ್ರೆಯ ದಾಸೋಹಕ್ಕೆ ರೊಟ್ಟಿ ಬಡಿಯಲು ಕೂಡಿದ್ದರು. ಪಕ್ಕದ ಮನೆಯಾಕೆ ಬಂದು, "ಅಕ್ಕೋರ, ನಿಮ್ಮ ಕೈ ರೊಟ್ಟಿ ತೆಳ್ಳಗ ಬರ್ತಾವ, ಬರ್ರಿ" ಎಂದು ಕರೆದುಕೊಂಡು ಹೋದಳು. ಎಸರಿನಲ್ಲಿ ನಾದಿದ ಹಿಟ್ಟು ಅಂಗೈಗೆ ಬೆಚ್ಚಗೆ ತಾಗಿತು. ರೊಟ್ಟಿ ಬಡಿದು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿದಾಗ ಜೋಳದ ವಾಸನೆ ಎದ್ದಿತು. ತಿರುವಿ ಹಾಕಿ ನೋಡುತ್ತ ಕೂತೆ. ಅಂಚಿನಲ್ಲಿ ಒಂದು ಸಣ್ಣ ಗುಳ್ಳೆ. ಅದು ನಿಧಾನ ಹರಡಿ ಇಡೀ ರೊಟ್ಟಿ ಉಬ್ಬಿತು. ಅಷ್ಟು ಹೊತ್ತು ನನ್ನ ಮನಸ್ಸು ಎಲ್ಲಿಗೂ ಹೋಗಿರಲಿಲ್ಲ. ಮನೆಗೆ ಬಂದ ಮೇಲೆ ಅದು ಗೊತ್ತಾಯಿತು.

ಇದನ್ನು ಕೇಳಿದ ಮಗ ಒಂದು ವಿಷಯ ಓದಿ ಹೇಳಿದ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫ್ರೆಡ್ ಬ್ರಯಾಂಟ್ ಮತ್ತು ಜೋಸೆಫ್ ವೆರಾಫ್ 2007ರಲ್ಲಿ ಸವಿಯುವುದರ ಬಗ್ಗೆಯೇ ಪುಸ್ತಕ ತಂದರು. ಬರುವ ಮೊದಲು ಎದುರು ನೋಡುತ್ತ, ಬಂದಾಗ ಅದರಲ್ಲೇ ಇದ್ದು, ಹೋದ ಮೇಲೆ ನೆನೆಯುತ್ತ, ಹೀಗೆ ಮೂರು ಸಲ ಒಂದೇ ಸಂತೋಷವನ್ನು ಸವಿಯಬಹುದು. ಕಷ್ಟ ತಾಳಿಕೊಳ್ಳುವ ಶಕ್ತಿ ಬೇರೆ, ಸವಿಯುವ ಶಕ್ತಿ ಬೇರೆ ಎಂಬುದು ಅವರ ಮಾತು. ಅದು ನನಗೆ ತಟ್ಟಿತು. ತಾಳಿಕೊಳ್ಳುವುದು ನನಗೆ ಬರುತ್ತಿತ್ತು, ಸವಿಯುವುದನ್ನು ಬಿಟ್ಟಿದ್ದೆ.

ಮೊದಲು ದಿನಾ ಆದ ಒಳ್ಳೆಯದನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಹಾಜರಿ ಹಾಕಿದ ಹಾಗಾಯಿತು, ನಿಲ್ಲಿಸಿದೆ. ಈಗ ಬೆಳಗಿನ ಚಹಾದ ಮೊದಲ ನಾಲ್ಕು ಗುಟುಕು ಟಿವಿ, ಮೊಬೈಲ್ ಇಲ್ಲದೆ ಕಟ್ಟೆಯ ಮೇಲೆ ಕೂತು ಕುಡಿಯುತ್ತೇನೆ. ಸಂಜೆ ಗಂಗಾವತಿಯ ತಂಗಿಗೆ ಫೋನ್. ಮೊಣಕಾಲು, ಬಿಪಿ ಗುಳಿಗೆಯ ಮಾತು ಮುಗಿದ ಮೇಲೆ "ಇವತ್ತ ಏನ್ ಛಲೋ ಆತು?" ಎಂದು ಕೇಳುತ್ತೇನೆ. "ಈ ವಯಸ್ಸಿನ್ಯಾಗ ಏನಾಗ್ತದಕ್ಕ" ಅನ್ನುತ್ತಿದ್ದವಳು ಈಗ ತಾನೇ ಮೊದಲು ಫೋನ್ ಮಾಡುತ್ತಾಳೆ. ಹೇಳಲಿಕ್ಕೆ ಒಬ್ಬರಿದ್ದಾರೆ ಅಂದರೆ ಇಡೀ ದಿನ ಕಣ್ಣು ತಾನಾಗಿ ಹುಡುಕುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಕೈಹಿಡಿದದ್ದು ಇದೇ.

"ಅವರಿದ್ದಿದ್ದರೆ" ಈಗಲೂ ಬರುತ್ತದೆ. ತಳ್ಳುವುದಿಲ್ಲ, "ಏನನ್ನುತ್ತಿದ್ದರು?" ಎಂದು ಮುಂದುವರಿಸುತ್ತೇನೆ. ಆಗ ಅವರ ದನಿಯೂ ಜೊತೆಗಿರುತ್ತದೆ. ಅವರ ತಿಥಿಯ ದಿನ ಮಾತ್ರ ಯಾವ ಪ್ರಯತ್ನವನ್ನೂ ಮಾಡುವುದಿಲ್ಲ, ಅಳು ಬಂದರೆ ಅಳುತ್ತೇನೆ.

ಕಳೆದ ಜನವರಿಯಲ್ಲಿ ತೇರಿಗೆ ಹೋದೆ. ಅವರು ಅಂಗಿಯ ಕಿಸೆಯಲ್ಲಿ ಉತ್ತತ್ತಿ ತುಂಬಿಕೊಂಡು ಕಳಸಕ್ಕೆ ಗುರಿಯಿಟ್ಟು ಎಸೆಯುತ್ತಿದ್ದರು. ನಾನೂ ಎಸೆದೆ. ರಾತ್ರಿ ತಂಗಿ ಕೇಳಿದಳು, "ಕಳಸಕ್ಕ ತಾಗಿತೇನಕ್ಕ?"

"ಇಲ್ಲವ್ವ. ಮುಂದಿನ ವರ್ಷ ನೀನೂ ಬಾ, ಇಬ್ರೂ ಕೂಡಿ ಒಗಿಯೋಣು."