ರಜೆಯಲ್ಲಿ ಮನೆಮಂದಿಯೆಲ್ಲ ಕುಳಿತು ನೋಡಲು ಐರಿಷ್ ಸಿನಿಮಾ ಆಯ್ದುಕೊಳ್ಳುವ ಬಗೆ

ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನಕ್ಕೋ, ಅಕ್ಟೋಬರ್ ಕೊನೆಯ ಹ್ಯಾಲೋವೀನ್‌ಗೋ, ಕ್ರಿಸ್‌ಮಸ್ ರಜೆಗೋ ಐರ್ಲೆಂಡಿನ ಕಥೆಯುಳ್ಳ ಸಿನಿಮಾವೊಂದನ್ನು ಹುಡುಕಲು ಹೊರಟವರು ಮೊದಲು ಎಡವುವುದು ಹೆಸರು ಮತ್ತು ಪೋಸ್ಟರ್ ನೋಡಿ ತೀರ್ಮಾನಿಸುವಲ್ಲಿ. ಐರಿಷ್ ಜಾನಪದದ ಕುಳ್ಳ ಮಾಯಾವಿ, ಹಸಿರು ಟೋಪಿಯ ಲೆಪ್ರೆಕಾನ್ ಕಂಡೊಡನೆ ಇದು ಮಕ್ಕಳ ಚಿತ್ರವೆಂದು ಅನ್ನಿಸಿಬಿಡುತ್ತದೆ. ಆದರೆ 1993ರ ‘ಲೆಪ್ರೆಕಾನ್’ ಕೊಲೆಗಳಿಂದ ತುಂಬಿದ ಭಯಾನಕ ಚಿತ್ರ. 2022ರ ‘ದ ಬ್ಯಾನ್‌ಶೀಸ್ ಆಫ್ ಇನಿಶೆರಿನ್’ನಲ್ಲಿ ಹಸಿರು ದ್ವೀಪವೂ ಇದೆ, ಮುದ್ದಾದ ಕತ್ತೆಯೂ ಇದೆ; ಜೊತೆಗೆ ತನ್ನ ಬೆರಳುಗಳನ್ನು ತಾನೇ ಕತ್ತರಿಸಿಕೊಳ್ಳುವ ಮನುಷ್ಯನೂ ಇದ್ದಾನೆ. ಅದು ಒಳ್ಳೆಯ ಚಿತ್ರವೇ, ಆದರೆ ಮಕ್ಕಳು ಮಲಗಿದ ಮೇಲೆ ನೋಡತಕ್ಕದ್ದು.

ಆಯ್ಕೆ ಮಾಡುವಾಗ ಹೊಡೆದಾಟ ಎಷ್ಟಿದೆ ಎನ್ನುವುದಕ್ಕಿಂತ ಅಗಲಿಕೆ ಯಾವ ಬಗೆಯದು ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಸುಮಾರು ಹತ್ತು ಲಕ್ಷ ಜನ ಸತ್ತು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿ ಹೋದ ನಾಡು ಐರ್ಲೆಂಡ್. ಅಲ್ಲಿನ ಕಥೆಗಳಲ್ಲಿ, ಮಕ್ಕಳಿಗಾಗಿ ಹೇಳಿದವುಗಳಲ್ಲೂ, ತಾಯಿ ಕಾಣೆಯಾಗುವುದು, ಮನೆ ಬಿಟ್ಟು ಹೋಗುವುದು ಮತ್ತೆ ಮತ್ತೆ ಬರುತ್ತದೆ. ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡ ಮನೆಯಾದರೆ ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕು.

ಎಲ್ಲಿಂದ ಶುರುಮಾಡಬೇಕೆಂದು ಯಾರಾದರೂ ಕೇಳಿದರೆ ನಾನು ಹೆಸರಿಸುವುದು ಕಿಲ್‌ಕೆನಿ ಊರಿನ ಕಾರ್ಟೂನ್ ಸಲೂನ್ ಸ್ಟುಡಿಯೋದ ಮೂರು ಅನಿಮೇಷನ್ ಚಿತ್ರಗಳನ್ನು: ‘ದ ಸೀಕ್ರೆಟ್ ಆಫ್ ಕೆಲ್ಸ್’ (2009), ‘ಸಾಂಗ್ ಆಫ್ ದ ಸೀ’ (2014), ‘ವುಲ್ಫ್‌ವಾಕರ್ಸ್’ (2020). ಮೂರರ ನಿರ್ದೇಶನದಲ್ಲೂ ಟಾಮ್ ಮೂರ್ ಇದ್ದಾರೆ. ಮೂರೂ ಆಸ್ಕರ್‌ಗೆ ನಾಮನಿರ್ದೇಶನಗೊಂಡು ಬರಿಗೈಯಲ್ಲಿ ಮರಳಿದವು. ಬಂದ ವರ್ಷದ ಕ್ರಮದಲ್ಲಿ ಇವುಗಳನ್ನು ನೋಡಬೇಕಾಗಿಲ್ಲ, ‘ಸಾಂಗ್ ಆಫ್ ದ ಸೀ’ಯಿಂದಲೇ ಆರಂಭಿಸಬಹುದು. ಕಡಲಲ್ಲಿ ಸೀಲ್ ಆಗಿಯೂ ದಡದಲ್ಲಿ ಮನುಷ್ಯರಾಗಿಯೂ ಬದುಕುವ ಸೆಲ್ಕಿಗಳ ಜಾನಪದವನ್ನು ದೀಪಸ್ತಂಭದ ಮನೆಯೊಂದರ ಅಣ್ಣ-ತಂಗಿಯರಿಗೆ ಹೊಂದಿಸಿದ ಕಥೆ ಇದು. ಹ್ಯಾಲೋವೀನ್ ದಿನದಲ್ಲೇ ನಡೆಯುವುದರಿಂದ ಆ ರಜೆಗೆ ಹೇಳಿ ಮಾಡಿಸಿದಂತಿದೆ. ಇದರ ಗೂಬೆ ಮಾಟಗಾತಿ ಜನರ ದುಃಖವನ್ನು ಗಾಜಿನ ಜಾಡಿಗಳಲ್ಲಿ ತುಂಬಿಡುತ್ತಾಳೆ, ದುಃಖ ಕಳೆದುಕೊಂಡವರು ಕಲ್ಲಾಗಿಬಿಡುತ್ತಾರೆ. ಅವಳು ಇದನ್ನು ಆರಂಭಿಸಿದ್ದು ಅಳುತ್ತಿದ್ದ ಮಗನ ಸಂಕಟ ನೋಡಲಾರದೆ. ನೋಡುವಾಗ ಹೆದರುವ ಮಗು ಮರುದಿನ ಆ ಜಾಡಿಗಳ ಬಗ್ಗೆಯೇ ಪ್ರಶ್ನೆ ಕೇಳುತ್ತದೆ. ಕೊನೆಯಲ್ಲಿ ತಾಯಿ ಮನೆಯಲ್ಲಿ ಉಳಿಯುವುದಿಲ್ಲ ಎಂಬುದನ್ನು ಮಾತ್ರ ದೊಡ್ಡವರು ಮೊದಲೇ ತಿಳಿದಿರುವುದು ಒಳ್ಳೆಯದು.

‘ಸೀಕ್ರೆಟ್ ಆಫ್ ಕೆಲ್ಸ್’ ಮುಕ್ಕಾಲು ಗಂಟೆಗೆ ಅರ್ಧ ಗಂಟೆ ಸೇರಿದಷ್ಟೇ ಉದ್ದವಿರುವುದರಿಂದ ಚಡಪಡಿಸುವ ಮಕ್ಕಳಿಗೆ ಅನುಕೂಲ, ಆದರೆ ವೈಕಿಂಗರ ದಾಳಿಯ ಭಾಗ ಕಠೋರವಾಗಿದೆ. ಅದರಲ್ಲಿ ಬರುವ ‘ಬುಕ್ ಆಫ್ ಕೆಲ್ಸ್’ ಎಂಬ ಚಿತ್ರಾಲಂಕೃತ ಹಸ್ತಪ್ರತಿ ಕಲ್ಪನೆಯದಲ್ಲ, ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿದೆ; ಅದರ ಪುಟಗಳ ಚಿತ್ರಗಳನ್ನು ಮಕ್ಕಳಿಗೆ ಮೊದಲೇ ತೋರಿಸಿದರೆ ಪರದೆಯ ಸುರುಳಿ ಗೆರೆಗಳ ಮೂಲ ಅವರಿಗೇ ಹೊಳೆಯುತ್ತದೆ. ‘ವುಲ್ಫ್‌ವಾಕರ್ಸ್’ 1650ರ ಕಿಲ್‌ಕೆನಿಯದು. ಇಂಗ್ಲಿಷರ ಆಳ್ವಿಕೆಯ ಪಟ್ಟಣವನ್ನು ಬಿಗಿಯಾದ ನೇರ ಗೆರೆಗಳಲ್ಲೂ ತೋಳಗಳ ಕಾಡನ್ನು ಒರಟು ಪೆನ್ಸಿಲ್ ಗೆರೆಗಳಲ್ಲೂ ಬರೆದಿದ್ದಾರೆ. ಒಂಬತ್ತು-ಹತ್ತು ವರ್ಷ ದಾಟಿದವರಿಗೆ ಇದು ಸರಿಹೊಂದುತ್ತದೆ.

ಹಳೆಯ ಚಿತ್ರಗಳು ಅಪಾಯವಿಲ್ಲದವು ಎಂಬ ನಂಬಿಕೆಯನ್ನು ಸ್ವಲ್ಪ ಸಡಿಲಿಸಬೇಕು. ಡಿಸ್ನಿಯವರ ‘ಡಾರ್ಬಿ ಓ’ಗಿಲ್ ಆ್ಯಂಡ್ ದ ಲಿಟಲ್ ಪೀಪಲ್’ (1959) ಬಹುಪಾಲು ನಗಿಸುತ್ತದೆ, ಆದರೆ ಸಾವಿನ ಸೂಚನೆ ಹೊತ್ತು ಕೂಗುವ ಬ್ಯಾನ್‌ಶೀ ಮತ್ತು ಆಕಾಶದಿಂದಿಳಿಯುವ ಸಾವಿನ ಸಾರೋಟು ಬಂದಾಗ ನಮ್ಮ ಮನೆಯ ಕಿರಿಯವಳು ಎದ್ದು ಅಡುಗೆಮನೆಗೆ ಓಡಿದ್ದಳು. ಜಾನ್ ಫೋರ್ಡ್ ಅವರ ‘ದ ಕ್ವಯಟ್ ಮ್ಯಾನ್’ (1952) ಮೇಯೊ ಕೌಂಟಿಯ ಕಾಂಗ್ ಸುತ್ತಮುತ್ತ ಚಿತ್ರೀಕರಣಗೊಂಡದ್ದು, ಅಜ್ಜ-ಅಜ್ಜಿಯರಿಗೆ ಖಂಡಿತ ಇಷ್ಟವಾಗುತ್ತದೆ. ಗಂಡ ಹೆಂಡತಿಯನ್ನು ಹೊಲದುದ್ದಕ್ಕೂ ಎಳೆದೊಯ್ಯುವಾಗ ಊರವಳೊಬ್ಬಳು ಹೊಡೆಯಲು ಕೋಲು ಕೊಡುವ ದೃಶ್ಯವನ್ನು ಮಾತ್ರ ತಮಾಷೆಯೆಂದು ಸುಮ್ಮನೆ ದಾಟಿಸದೆ ಮಕ್ಕಳೊಂದಿಗೆ ಎರಡು ಮಾತಾಡಬೇಕಾಗುತ್ತದೆ.

ಹದಿಹರೆಯದವರಿದ್ದರೆ 1980ರ ದಶಕದ ಡಬ್ಲಿನ್‌ನಲ್ಲಿ ಹುಡುಗರು ಬ್ಯಾಂಡ್ ಕಟ್ಟುವ ‘ಸಿಂಗ್ ಸ್ಟ್ರೀಟ್’ (2016) ಇದೆ. ನನ್ನ ಮೆಚ್ಚಿನದು 2022ರ ‘ದ ಕ್ವಯಟ್ ಗರ್ಲ್’. ಇದರ ಬಹುಪಾಲು ಸಂಭಾಷಣೆ ಐರಿಷ್ ಭಾಷೆಯಲ್ಲಿದೆ. ಬೇಸಿಗೆಗೆಂದು ನೆಂಟರ ಮನೆಗೆ ಬಂದ ಹುಡುಗಿಯ ಮುಂದೆ, ಮಾತಿಲ್ಲದ ಮನೆಯಜಮಾನ ಹೋಗುತ್ತ ಹೋಗುತ್ತ ಮೇಜಿನ ಮೇಲೆ ಒಂದು ಬಿಸ್ಕತ್ತು ಇಟ್ಟು ಹೋಗುತ್ತಾನೆ. ಅಷ್ಟರಲ್ಲೇ ಅವನ ಅಕ್ಕರೆ ತಿಳಿಯುತ್ತದೆ. ಸಬ್‌ಟೈಟಲ್ ಓದಲು ಬಾರದ ವಯಸ್ಸಿನವರಿಗೆ ಇದು ಬೇಡ.

ಪಟ್ಟಿ ಎರಡು-ಮೂರಕ್ಕೆ ಇಳಿದ ಮೇಲೆ ದರ್ಜೆಯನ್ನು ನೋಡಿರಿ. ಐರ್ಲೆಂಡಿನ ವರ್ಗೀಕರಣ ಕಚೇರಿ ಚಿತ್ರಮಂದಿರಗಳಿಗೆ ಜಿ, ಪಿಜಿ, 12ಎ, 15ಎ, 16, 18 ಎಂಬ ದರ್ಜೆಗಳನ್ನು ಕೊಡುತ್ತದೆ. 12ಎ ಎಂದರೆ ಹನ್ನೆರಡಕ್ಕಿಂತ ಚಿಕ್ಕವರು ದೊಡ್ಡವರ ಜೊತೆಯಲ್ಲಿ ನೋಡಬಹುದೆಂದು. ದರ್ಜೆ ಎಲ್ಲವನ್ನೂ ಹೇಳುವುದಿಲ್ಲ: ‘ಒನ್ಸ್’ (2007) ಎಂಬ ಮೃದುವಾದ ಸಂಗೀತ ಚಿತ್ರಕ್ಕೆ ಅಮೆರಿಕದಲ್ಲಿ, ಹದಿನೇಳಕ್ಕಿಂತ ಚಿಕ್ಕವರು ದೊಡ್ಡವರ ಜೊತೆಯಲ್ಲೇ ನೋಡಬೇಕಾದ ಆರ್ ದರ್ಜೆ ಸಿಕ್ಕಿದ್ದು ಬೈಗುಳದ ಕಾರಣಕ್ಕೆ. ಹಾಗಾಗಿ ದರ್ಜೆಯ ಪಕ್ಕದಲ್ಲಿ ಬರೆದಿರುವ ಕಾರಣವನ್ನೂ ಓದಿಕೊಳ್ಳಿರಿ. ಸಂಭಾಷಣೆ ಇಂಗ್ಲಿಷಿನದಾದರೂ ಸಬ್‌ಟೈಟಲ್ ಹಾಕಿಡಿ, ಏಕೆಂದರೆ ಪಶ್ಚಿಮ ಐರ್ಲೆಂಡಿನ ಉಚ್ಚಾರಣೆ ಇಂಗ್ಲಿಷ್ ಚೆನ್ನಾಗಿ ಬಲ್ಲವರ ಕಿವಿಗೂ ಮೊದಲ ಇಪ್ಪತ್ತು ನಿಮಿಷ ಹತ್ತುವುದಿಲ್ಲ. ಹಿಂದಿನ ರಾತ್ರಿ ಒಬ್ಬರಾದರೂ ಕೊನೆಯ ಅರ್ಧ ಗಂಟೆಯನ್ನು ನೋಡಿಟ್ಟುಕೊಂಡರೆ ಎಲ್ಲಿ ಮಗುವನ್ನು ತೊಡೆಗೆಳೆದುಕೊಳ್ಳಬೇಕೆಂಬುದು ಮುಂಚಿತವಾಗಿಯೇ ಗೊತ್ತಿರುತ್ತದೆ.