ನೀರು ಮುಟ್ಟದೆ ನೀರಿನ ಮಟ್ಟ ಅಳೆದದ್ದು

ನಾನಿರುವುದು ಪುಣೆಯ ಪಿಂಪಳೆ ಸೌದಾಗರ್‌ನಲ್ಲಿ. ನಮ್ಮ ಸೊಸೈಟಿಗೆ ನಲ್ಲಿ ನೀರು ಸಾಲುವುದಿಲ್ಲ, ಬೋರ್‌ವೆಲ್ ಇದೆ, ಬೇಸಿಗೆಯಲ್ಲಿ ಟ್ಯಾಂಕರ್ ಕೂಡ ಬರುತ್ತದೆ. ಬೋರ್ ನೀರು ಗಡಸು. ಟ್ಯಾಂಕಿನೊಳಗೆ ಏನು ಇಳಿಬಿಟ್ಟರೂ ಬಿಳಿ ಉಪ್ಪು ಕಟ್ಟುತ್ತದೆ. ಫ್ಲೋಟ್ ಸ್ವಿಚ್ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಸ್ಟೀಲ್ ಕಡ್ಡಿ ಮುಳುಗಿಸಿ ಡಿಸಿ ಕೊಟ್ಟರೆ ಒಂದು ಕಡ್ಡಿ ಸವೆದೇ ಹೋಗುತ್ತದೆ. ಹಾಗಾಗಿ ಹೊರಗಿನಿಂದಲೇ ಅಳೆಯೋಣ ಅಂತ ಕೆಪ್ಯಾಸಿಟಿವ್ ಸೆನ್ಸರ್ ಮಾಡಲು ಕುಳಿತೆ. ಟ್ಯಾಂಕ್ ಪ್ಲಾಸ್ಟಿಕ್ಕಿನದು ಎಂಬುದು ಅನುಕೂಲವಾಯಿತು. ಲೋಹದ ಟ್ಯಾಂಕಾದರೆ ಈ ಉಪಾಯ ನಡೆಯುವುದಿಲ್ಲ.

ಇದನ್ನು ಕೇಳಿ ಮೇಲಿನ ಮಹಡಿಯ ವಿಜಯಪುರದ ಕಾಕಾ ನಕ್ಕರು. ‘ನೀರಿಗಿ ಮುಟ್ಟಲಾರ್ದ ನೀರು ಹೆಂಗ ಅಳೀತದರೀ ಇದು?’ ಕೇಳಬೇಕಾದ ಪ್ರಶ್ನೆಯೇ.

ಎರಡು ಲೋಹದ ಪಟ್ಟಿ, ನಡುವೆ ಕರೆಂಟ್ ಹರಿಯದ ಒಂದು ವಸ್ತು, ಇಷ್ಟಿದ್ದರೆ ಕೆಪ್ಯಾಸಿಟರ್ ಆಯಿತು. ಪಟ್ಟಿ ದೊಡ್ಡದಾದರೆ ಕೆಪ್ಯಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ) ಜಾಸ್ತಿ, ನಡುವಿನ ಅಂತರ ಹೆಚ್ಚಾದರೆ ಕಡಿಮೆ. ಒಂದು ಚದರ ಸೆಂಟಿಮೀಟರಿನ ಎರಡು ತಗಡನ್ನು 1 ಮಿಲಿಮೀಟರ್ ಗಾಳಿ ಬಿಟ್ಟು ಎದುರುಬದುರು ಇಟ್ಟರೆ 0.9 ಪಿಕೋಫ್ಯಾರಡ್ (ಕೆಪ್ಯಾಸಿಟೆನ್ಸ್ ಅಳೆಯುವ ಸಣ್ಣ ಮಾನ) ಕೂಡ ಬರುವುದಿಲ್ಲ. ಸೆನ್ಸರ್ ಲೋಕದಲ್ಲಿ ಆಟವೆಲ್ಲ ಇಷ್ಟು ಸಣ್ಣ ಅಳತೆಯಲ್ಲೇ.

ಪುಸ್ತಕಗಳಲ್ಲಿ ನೀರಿನ ಡೈಎಲೆಕ್ಟ್ರಿಕ್ ಅಂಕಿ (ನಡುವಿನ ವಸ್ತು ಕೆಪ್ಯಾಸಿಟೆನ್ಸನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಲೆಕ್ಕ) ಸುಮಾರು 80, ಗಾಳಿಯದು 1 ಅಂತ ಇರುತ್ತದೆ. ಅದನ್ನು ಓದಿ ‘ಹಾಗಾದರೆ 80 ಪಟ್ಟು ಬದಲಾವಣೆ ಸಿಗುತ್ತದೆ’ ಅಂದುಕೊಳ್ಳುವವರು ತುಂಬಾ ಜನ. ನಮ್ಮ ಟ್ಯಾಂಕಿನ ವಿಷಯದಲ್ಲಿ ಆ 80 ಲೆಕ್ಕಕ್ಕೇ ಬರುವುದಿಲ್ಲ. ಬೋರ್ ನೀರಿನಲ್ಲಿ ಉಪ್ಪಿನಂಶವಿದೆ. ಹತ್ತಾರು ಕಿಲೋಹರ್ಟ್ಸ್‌ನಲ್ಲಿ ಅಳೆಯುವಾಗ ಅದು ಕರೆಂಟ್ ಹರಿಸುವ ತಗಡಿನಂತೆಯೇ ನಡೆದುಕೊಳ್ಳುತ್ತದೆ. ಅಂದರೆ ಹೊರಗೆ ಅಂಟಿಸಿದ ಪಟ್ಟಿ ಒಂದು ತಗಡು, ಒಳಗಿನ ನೀರು ಇನ್ನೊಂದು ತಗಡು, ನಡುವೆ ಇರುವುದು ಟ್ಯಾಂಕಿನ ಗೋಡೆ. ಆ ಪಾಲಿಥೀನ್‌ನ ಅಂಕಿ ಸುಮಾರು 2.3. ಲೆಕ್ಕವೆಲ್ಲ ಗೋಡೆಯದು.

ಗೋಡೆ ಸುಮಾರು 5 ಮಿಲಿಮೀಟರ್ ದಪ್ಪ. 1 ಸೆಂಟಿಮೀಟರ್ ಅಗಲದ ತಾಮ್ರದ ಟೇಪನ್ನು 1 ಮೀಟರ್ ಉದ್ದಕ್ಕೆ ಅಂಟಿಸಿದರೆ, ಟ್ಯಾಂಕ್ ತುಂಬಿದಾಗ ಪಟ್ಟಿಗೂ ನೀರಿಗೂ ನಡುವೆ 40 ಪಿಕೋಫ್ಯಾರಡ್ ಬರುತ್ತದೆ. ಅಂಚುಗಳದ್ದು ಸೇರಿದರೆ ಇನ್ನೂ ಸ್ವಲ್ಪ ಜಾಸ್ತಿ. ಪಕ್ಕದಲ್ಲಿ ಇನ್ನೊಂದು ಪಟ್ಟಿ ಅಂಟಿಸಿ ಅದನ್ನು ಸರ್ಕ್ಯೂಟಿನ ಗ್ರೌಂಡಿಗೆ ಜೋಡಿಸಬೇಕು.

ಈ ಎರಡನೇ ಪಟ್ಟಿಯ ಅಗಲ ಎಷ್ಟಿರಬೇಕು ಎಂಬುದು ಮುಖ್ಯ. ಎರಡೂ ಒಂದೇ ಅಗಲವಿದ್ದರೆ 40 ಮತ್ತು 40 ಸರಣಿಯಲ್ಲಿ ಸೇರಿ 20 ಆಗುತ್ತದೆ. ಆದರೆ ಪಂಪ್ ಓಡುವಾಗ ನೀರಿನ ಧಾರೆ ಪೈಪಿನ ಮೂಲಕ ನೆಲಕ್ಕೆ ತಗುಲಿಕೊಂಡರೆ ಒಳಗಿನ ನೀರೇ ಗ್ರೌಂಡ್ ಆಗಿಬಿಡುತ್ತದೆ. ಆಗ 20 ಇದ್ದದ್ದು 40ಕ್ಕೆ ಹಾರುತ್ತದೆ. ನೀರು ಅಷ್ಟೇ ಇದೆ, ಮೀಟರ್ ಮಾತ್ರ ದುಪ್ಪಟ್ಟು ತೋರಿಸುತ್ತದೆ! ನಾನು ಗ್ರೌಂಡ್ ಪಟ್ಟಿಯನ್ನು 10 ಸೆಂಟಿಮೀಟರ್ ಅಗಲ ಮಾಡಿದೆ. ಅದರ ಪಾಲು 400 ಪಿಕೋಫ್ಯಾರಡ್. 40ರ ಜೊತೆ ಸರಣಿಯಲ್ಲಿ 36 ಬರುತ್ತದೆ. ಇನ್ನು ನೀರು ನೆಲಕ್ಕೆ ತಗುಲಿದರೂ 36ರಿಂದ 40, ಅಷ್ಟೇ ವ್ಯತ್ಯಾಸ.

ಅಳೆಯಲು ನಮ್ಮ ಹಳೆಯ 555 ಟೈಮರ್ ಐಸಿ (ಕೆಪ್ಯಾಸಿಟೆನ್ಸಿಗೆ ತಕ್ಕ ವೇಗದಲ್ಲಿ ಪಲ್ಸ್ ಹೊಡೆಯುವ ಚಿಪ್), ಆದರೆ ಸಿಮಾಸ್ (CMOS) ಜಾತಿಯದು. ಬುಧವಾರ ಪೇಟೆಯಲ್ಲಿ ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎಲ್ಲ ಸಾಮಾನು ಸಿಕ್ಕಿತು. 100 ಕಿಲೋಓಮ್‌ನ ಎರಡು ರೆಸಿಸ್ಟರ್ ಹಾಕಿದರೆ 40 ಪಿಕೋಫ್ಯಾರಡ್‌ಗೆ 120 ಕಿಲೋಹರ್ಟ್ಸ್, 80 ಪಿಕೋಫ್ಯಾರಡ್‌ಗೆ 60 ಕಿಲೋಹರ್ಟ್ಸ್. ಫ್ರೀಕ್ವೆನ್ಸಿ ನೀರಿನ ಮಟ್ಟಕ್ಕೆ ನೇರ ಅನುಪಾತದಲ್ಲಿ ಇಳಿಯುವುದಿಲ್ಲ. ಒಂದು ಅಲೆಗೆ ಹಿಡಿಯುವ ಸಮಯ ಮಾತ್ರ ಕೆಪ್ಯಾಸಿಟೆನ್ಸ್ ಜೊತೆ ನೇರವಾಗಿ ಏರುತ್ತದೆ. ಅದಕ್ಕೇ ಪಲ್ಸ್ ಎಣಿಸುವ ಬದಲು ಸಮಯ ಅಳೆದೆ.

ಸ್ಕೋಪ್ (ಅಲೆಯ ಆಕಾರ ತೋರಿಸುವ ಉಪಕರಣ) ಇಟ್ಟು ನೋಡುವಾಗ ಒಂದು ಎಚ್ಚರ. ಸಿಗ್ನಲನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸುವ 10X ಪ್ರೋಬ್ ಕೂಡ ಹತ್ತು ಹದಿನೈದು ಪಿಕೋಫ್ಯಾರಡ್ ಸೇರಿಸುತ್ತದೆ. ಇಳಿಸದ 1X ಪ್ರೋಬ್ ಆದರೆ 100ರ ಹತ್ತಿರ. ಕೆಪ್ಯಾಸಿಟರ್ ಕಾಲಿಗೆ ಪ್ರೋಬ್ ಮುಟ್ಟಿಸಿದ ಕೂಡಲೇ ಅಳತೆಯೇ ಬದಲಾಗುತ್ತದೆ. ನೋಡುವುದಿದ್ದರೆ 555ರ ಔಟ್‌ಪುಟ್ ಕಾಲಿನಲ್ಲಿ ನೋಡಬೇಕು.

ಕೆಪ್ಯಾಸಿಟಿವ್ ಲೋಡ್ (ಸರ್ಕ್ಯೂಟ್ ಮೇಲೆ ಬೀಳುವ ಕೆಪ್ಯಾಸಿಟೆನ್ಸಿನ ಹೊರೆ) ಎಂಬ ಇನ್ನೊಂದು ಮುಖ ಕಂಡದ್ದು ಕೇಬಲ್ಲಿನಲ್ಲಿ. ಪುಣೆಯ ಮೇ ಬಿಸಿಲಿನಲ್ಲಿ ಟ್ಯಾಂಕಿನ ಮೈಮೇಲೇ ಸರ್ಕ್ಯೂಟ್ ಅಂಟಿಸುವುದು ಬೇಡ ಅನಿಸಿತು. ನೆರಳಿರುವ ಜಾಗಕ್ಕೆ 2 ಮೀಟರ್. ಒಳತಂತಿಯ ಸುತ್ತ ಲೋಹದ ಜಾಲರಿ ಇರುವ ಶೀಲ್ಡ್ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್, ಅಂದರೆ 200. ನಾವು ಹುಡುಕುತ್ತಿರುವುದು 36. ಬಿಸಿಲಿಗೆ ಕೇಬಲ್ ಕಾದರೆ ಆ 200 ಸ್ವಲ್ಪ ಅಲುಗಿದರೂ ಮೀಟರಿಗೆ ನೀರು ಏರಿಳಿದಂತೆಯೇ ಕಾಣುತ್ತದೆ.

ಇದಕ್ಕೆ ಇರುವ ಮದ್ದು ಗಾರ್ಡ್. ಒಳತಂತಿಯ ವೋಲ್ಟೇಜನ್ನೇ ಒಂದು ಆಪ್-ಆಂಪ್ (ಆಂಪ್ಲಿಫೈಯರ್ ಚಿಪ್) ಬಫರ್ ಮೂಲಕ ನಕಲು ಮಾಡಿ ಹೊರಗಿನ ಜಾಲರಿಗೆ ಕೊಡುವುದು. ತಂತಿಯೂ ಜಾಲರಿಯೂ ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ ನಡುವೆ ವೋಲ್ಟೇಜ್ ವ್ಯತ್ಯಾಸ ಬದಲಾಗುವುದೇ ಇಲ್ಲ, ಹಾಗಾಗಿ ಆ 200 ಪಿಕೋಫ್ಯಾರಡ್ ಸೆನ್ಸರಿಗೆ ಕಾಣುವುದಿಲ್ಲ. ಆದರೆ ಅದು ಎಲ್ಲೂ ಮಾಯವಾಗಿಲ್ಲ. ಈಗ ಅದನ್ನು ಹೊರುವುದು ಬಫರ್.

ಆಪ್-ಆಂಪಿಗೆ ಈ ಹೊರೆ ಇಷ್ಟವಿಲ್ಲ. ಅದರ ಔಟ್‌ಪುಟ್ ಒಳಗೂ ಒಂದಿಷ್ಟು ರೆಸಿಸ್ಟೆನ್ಸ್ ಇರುತ್ತದೆ. ಹೊರಗಿನ ಕೆಪ್ಯಾಸಿಟರ್ ಜೊತೆ ಸೇರಿ ಅದು ಸಿಗ್ನಲನ್ನು ತಡ ಮಾಡುತ್ತದೆ. ತಡವಾದ ಸಿಗ್ನಲೇ ಫೀಡ್‌ಬ್ಯಾಕ್ ಆಗಿ ವಾಪಸ್ ಬಂದರೆ, ತಿದ್ದಬೇಕಾದ ಸಮಯದಲ್ಲಿ ಅದು ಇನ್ನಷ್ಟು ತಳ್ಳುತ್ತದೆ. ಔಟ್‌ಪುಟ್ ನಡುಗುತ್ತದೆ, ಕೆಲವೊಮ್ಮೆ ತಾನಾಗಿಯೇ ಆಸಿಲೇಟ್ ಆಗುತ್ತದೆ. ಎಲ್ಲರ ಡಬ್ಬಿಯಲ್ಲೂ ಇರುವ ಎಲ್‌ಎಂ 358 ಆಪ್-ಆಂಪಿನ ಡೇಟಾಶೀಟ್ ನೇರವಾಗಿ ಹೇಳುತ್ತದೆ: ಯೂನಿಟಿ ಗೇನ್ (ಒಳಬಂದಷ್ಟೇ ವೋಲ್ಟೇಜ್ ಹೊರಕೊಡುವ) ಬಫರಿನಲ್ಲಿ 50 ಪಿಕೋಫ್ಯಾರಡ್ ತಡೆದುಕೊಳ್ಳುತ್ತದೆ ಅಂತ. ಬಫರ್ ಅಂದರೆ ತುಂಬಾ ಸುಲಭದ ಸರ್ಕ್ಯೂಟ್ ಅಂತ ನಾವು ತಿಳಿದಿರುತ್ತೇವೆ, ಆದರೆ ಈ ವಿಷಯದಲ್ಲಿ ಅದೇ ಎಲ್ಲಕ್ಕಿಂತ ಕಷ್ಟದ್ದು. ಔಟ್‌ಪುಟ್ ಪೂರ್ತಿಯಾಗಿ ಇನ್‌ಪುಟ್ಟಿಗೆ ವಾಪಸ್ ಬರುತ್ತದಲ್ವಾ, ಅದಕ್ಕೆ.

ನಾನು 12 ವೋಲ್ಟಿನಲ್ಲಿ ಟಿಎಲ್ 072 ಆಪ್-ಆಂಪ್ ಹಾಕಿದೆ. ಅದರ ಇನ್‌ಪುಟ್ ಎಳೆಯುವ ಕರೆಂಟ್ ತೀರಾ ಕಡಿಮೆ, 100 ಕಿಲೋಓಮ್ ಇರುವಲ್ಲಿ ಅದು ಬೇಕೇ ಬೇಕು. ಬೋರ್ಡಿನಲ್ಲಿ ಔಟ್‌ಪುಟ್ಟಿಗೂ ಜಾಲರಿಗೂ ನಡುವೆ ಒಂದು ರೆಸಿಸ್ಟರಿಗೆ ಮೊದಲೇ ಜಾಗ ಬಿಟ್ಟಿದ್ದೆ. ಬೇಕೆಂದೇ ಅಲ್ಲಿ ಬರೀ ತಂತಿ ಹಾಕಿ ನೋಡಿದೆ. ಅಲೆ ತಿರುಗುವ ಪ್ರತಿ ಮೂಲೆಯಲ್ಲೂ ಸಣ್ಣ ನಡುಕ ಕಂಡಿತು. 47 ಓಮ್ ಹಾಕಿದ ಮೇಲೆ ನಿಂತಿತು. ಫೀಡ್‌ಬ್ಯಾಕ್ ತಂತಿಯನ್ನು ಮಾತ್ರ ರೆಸಿಸ್ಟರಿನ ಆಚೆಯಿಂದಲ್ಲ, ಆಪ್-ಆಂಪಿನ ಕಾಲಿನಿಂದಲೇ ತರಬೇಕು. 47 ಓಮ್, 200 ಪಿಕೋಫ್ಯಾರಡ್ ಸೇರಿದರೆ ತಡ 10 ನ್ಯಾನೋಸೆಕೆಂಡಿಗೂ ಕಡಿಮೆ. ನಮ್ಮ ಅಲೆಯದ್ದು ಮೈಕ್ರೋಸೆಕೆಂಡುಗಳ ಲೆಕ್ಕ, ಗಾರ್ಡ್ ಕೆಲಸಕ್ಕೆ ಏನೂ ಧಕ್ಕೆಯಿಲ್ಲ.

ಮಳೆಗಾಲಕ್ಕೆ ಬೇರೆ ಸಿದ್ಧತೆ. ಟ್ಯಾಂಕಿನ ಹೊರಮೈ ಒದ್ದೆಯಾದರೆ ಆ ನೀರಿನ ಪದರವನ್ನೂ ಪಟ್ಟಿ ಗುರುತಿಸುತ್ತದೆ. ಪಟ್ಟಿಯ ಮೇಲೆ ಫೋಮ್, ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ಆ ಹಾಳೆಗೂ ಅದೇ ಗಾರ್ಡ್, ಅದರ ಮೇಲೆ ನೀರು ಇಳಿಯದ ಟೇಪ್. ಹಾಳೆ ಸೇರಿ ಬಫರಿನ ಹೊರೆ ಹೆಚ್ಚಿದ್ದರಿಂದ 47 ಓಮ್ ತೆಗೆದು 100 ಹಾಕಿದೆ. ಜುಲೈ ಮಳೆಯಲ್ಲೂ ಮೀಟರ್ ಸುಮ್ನೆ ಇತ್ತು.

ಕೆಳಗಿನ ಪಂಪ್ ಕೋಣೆಗೆ ಕೇಬಲ್ 20 ಮೀಟರ್, ಸುಮಾರು 2000 ಪಿಕೋಫ್ಯಾರಡ್. ಅಲ್ಲಿ ಹೋಗುವುದು ಬರೀ ಪಲ್ಸ್, ಆದ್ದರಿಂದ ತಲೆಬಿಸಿ ಕಡಿಮೆ. ಪಲ್ಸ್ ಎಣಿಸುವ 4040 ಐಸಿ ಬಳಸಿ ಫ್ರೀಕ್ವೆನ್ಸಿಯನ್ನು 256ರಿಂದ ಭಾಗಿಸಿದೆ, 60 ಕಿಲೋಹರ್ಟ್ಸ್ ಸುಮಾರು 234 ಹರ್ಟ್ಸ್ ಆಯಿತು. ಅಷ್ಟು ನಿಧಾನದ ಪಲ್ಸಿನ ಅಂಚು ಸ್ವಲ್ಪ ಓರೆಯಾದರೂ ಇಎಸ್‌ಪಿ 32 ಮೈಕ್ರೋಕಂಟ್ರೋಲರ್ ಸರಿಯಾಗಿ ಓದುತ್ತದೆ, ಅದರ ಕಾಲಿಗೆ 3.3 ವೋಲ್ಟಿಗೆ ಇಳಿಸಿ ಕೊಟ್ಟರೆ ಸಾಕು. ಇದೇ ಕೇಬಲ್ಲಿನಲ್ಲಿ ಐ-ಸ್ಕ್ವೇರ್-ಸಿ (ಚಿಪ್ಪುಗಳು ಮಾತಾಡುವ ಎರಡು ತಂತಿಯ ಬಸ್) ಕಳಿಸುತ್ತೇನೆ ಅನ್ನುವವರಿಗೆ ಒಂದು ಮಾತು: ಆ ಬಸ್ಸಿನ ಮಿತಿಯೇ 400 ಪಿಕೋಫ್ಯಾರಡ್.

ಖಾಲಿ ಟ್ಯಾಂಕಿನ ಅಳತೆಯನ್ನು ಟ್ಯಾಂಕ್ ತೊಳೆಯುವ ದಿನವೇ ತೆಗೆದುಕೊಂಡೆ. ಒಂದು ಕೊರತೆ ಉಳಿದಿದೆ. ನೀರು ಬೇಗ ಇಳಿದಾಗ ಒಳಗೋಡೆಯ ಒದ್ದೆ ಪದರ ಸ್ವಲ್ಪ ಹೊತ್ತು ಹಾಗೇ ಇರುತ್ತದೆ, ಮೀಟರ್ ಅಷ್ಟು ಹೊತ್ತು ಜಾಸ್ತಿ ತೋರಿಸುತ್ತದೆ. ಪಂಪ್ ಹಾಕುವ ಕೆಲಸಕ್ಕೆ ಇದರಿಂದ ತೊಂದರೆಯಿಲ್ಲ.

ಪಕ್ಕದ ಸೊಸೈಟಿಯವರೂ ಕೇಳಿದರು. ಅವರದು ಕಾಂಕ್ರೀಟ್ ಟ್ಯಾಂಕ್, ಹೊರಗಿನಿಂದ ಪಟ್ಟಿ ಅಂಟಿಸಿ ಲಾಭವಿಲ್ಲ. ಅಲ್ಲಿ ಟೆಫ್ಲಾನ್ ಹೊದಿಕೆಯ ತಂತಿಯನ್ನು ಒಳಗೆ ಇಳಿಬಿಡುತ್ತಿದ್ದೇನೆ. ಹೊದಿಕೆ ತೆಳುವಾಗಿರುವುದರಿಂದ ಒಂದು ಮೀಟರ್ ಉದ್ದಕ್ಕೆ ನೂರಾರು ಪಿಕೋಫ್ಯಾರಡ್ ಸಿಗುತ್ತದೆ, 555 ಪಕ್ಕದಲ್ಲೇ ಕೂತರೆ ಗಾರ್ಡಿನ ಗೊಡವೆಯೇ ಬೇಡ. ತಂತಿಯನ್ನು ಮಾತ್ರ ಉದ್ದಕ್ಕೆ ಮಡಚಿ, ಕತ್ತರಿಸಿದ ಎರಡೂ ತುದಿ ನೀರಿನ ಮೇಲೆ ಇರುವಂತೆ ಕಟ್ಟಬೇಕು.